ದಿನವೂ ಬೈಕ್ ಓಡಿಸುವವರಿಗೆ ಎಂಥ ಬೂಟು? ಬೆರಳಿಗಿಂತ ಮೊದಲು ಕೀಲು ನೋಡಿ

ಪ್ರಶ್ನೆ: ನಾನು ದಿನಕ್ಕೆ ಸುಮಾರು 35 ಕಿಲೋಮೀಟರ್ ಬೈಕ್ ಓಡಿಸುತ್ತೇನೆ. ಹೆಚ್ಚಿನದು ಊರೊಳಗಿನ ಓಡಾಟ. ತಿಂಗಳಿಗೊಮ್ಮೆ ಹೆದ್ದಾರಿಯಲ್ಲಿ ದೂರ ಹೋಗುತ್ತೇನೆ. ಇಷ್ಟು ವರ್ಷ ಕ್ಯಾನ್ವಾಸ್ ಶೂ ಹಾಕಿಯೇ ಓಡಿಸಿದೆ. ಆರು ವಾರದ ಹಿಂದೆ ತಿರುವಿನಲ್ಲಿ ಮರಳಿನ ಮೇಲೆ ಚಕ್ರ ಜಾರಿ ಬಿದ್ದೆ. ವೇಗ 20 ಕೂಡ ಇರಲಿಲ್ಲ. ಬೈಕ್ ನನ್ನ ಎಡಗಾಲಿನ ಮೇಲೆ ಬಿತ್ತು. ಮೂಳೆ ಮುರಿದಿಲ್ಲ ಎಂದರು. ಆದರೆ ಪಾದದ ಕೀಲು ಈಗಲೂ ಸಂಜೆ ಹೊತ್ತಿಗೆ ಊದುತ್ತದೆ. ಈಗ ಸರಿಯಾದ ಬೂಟು ಕೊಳ್ಳಬೇಕೆಂದಿದ್ದೇನೆ. ಕಾರ್ಖಾನೆಯಲ್ಲಿ ಹಾಕುವ, ಬೆರಳ ಮೇಲೆ ಸ್ಟೀಲ್ ಟೋಪಿ ಇರುವ ಸ್ಟೀಲ್ ಟೋ ಶೂ ಸಾಕು ಎಂದು ಒಬ್ಬ ಗೆಳತಿ ಹೇಳುತ್ತಾಳೆ. ಆ ಸ್ಟೀಲ್ ಮಡಚಿಕೊಂಡು ಬೆರಳನ್ನೇ ಕತ್ತರಿಸುತ್ತದೆ, ರೇಸಿಂಗ್ ಬೂಟು ತಗೋ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಅಂಗಡಿಯಲ್ಲಿ ಒಂದು ಜೊತೆ ಹಾಕಿ ನೋಡಿದೆ. ನನ್ನ ಪಾದ ಅಗಲ. ಹತ್ತು ನಿಮಿಷಕ್ಕೇ ಕಿರುಬೆರಳು ನೋಯತೊಡಗಿತು. 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂದರು. ನನ್ನ ಎತ್ತರ ಐದು ಅಡಿ ಒಂದು ಇಂಚು, ಸಿಗ್ನಲ್‌ನಲ್ಲಿ ತುದಿಗಾಲಲ್ಲೇ ನಿಲ್ಲುತ್ತೇನೆ. ಕೆಲಸದಲ್ಲಿ ನಡೆದಾಟವೂ ಜಾಸ್ತಿ. ಬಿಸಿಲಿಗೆ ಕಾಲು ಬೆವರುತ್ತದೆ, ಮಳೆಗೆ ನೆನೆಯುತ್ತದೆ. ಇದಕ್ಕೆಲ್ಲ ಒಂದೇ ಜೊತೆ ಬೂಟು ಸಾಕಾಗುತ್ತದಾ?

ಉತ್ತರ: ಮೊದಲು ನಿಮ್ಮ ಕಾಲಿನ ವಿಷಯ. ಮೂಳೆ ಮುರಿಯದಿದ್ದರೂ ಆರು ವಾರವಾದ ಮೇಲೂ ಸಂಜೆ ಊದುತ್ತಿದೆ ಎಂದರೆ ಕೀಲನ್ನು ಹಿಡಿದಿಡುವ ಲಿಗಮೆಂಟ್ ಇನ್ನೂ ಪೂರ್ತಿ ಮಾಗಿಲ್ಲದಿರಬಹುದು. ದಯವಿಟ್ಟು ಮೂಳೆ ವೈದ್ಯರಿಗೆ ಇನ್ನೊಮ್ಮೆ ತೋರಿಸಿ. ಬಲ ಕಳೆದುಕೊಂಡ ಕೀಲು ಸುಲಭವಾಗಿ ಮತ್ತೆ ಉಳುಕುತ್ತದೆ. ಬೈಕ್ ನಿಲ್ಲಿಸುವಾಗ ನೀವು ಭಾರ ಹಾಕುವುದು ಬಹುಶಃ ಆ ಎಡಗಾಲಿನ ಮೇಲೆಯೇ. ಅದೂ ತುದಿಗಾಲಿನಲ್ಲಿ. ಬೂಟು ಕೊಳ್ಳುವುದು ಎರಡು ವಾರ ತಡವಾದರೆ ಏನೂ ಆಗುವುದಿಲ್ಲ. ಊದಿದ ಕಾಲಿನಲ್ಲಿ ಅಳತೆ ನೋಡಿದರೆ ಆಮೇಲೆ ಬೂಟು ಸಡಿಲವಾಗುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಆತಂಕ ಇದೆ. ಇನ್ನೊಮ್ಮೆ ಬಿದ್ದರೆ ಕಾಲು ಉಳಿಯಬೇಕು. ಕೊಂಡ ಬೂಟು ಕಾಲು ಕಚ್ಚಿ ಮೂಲೆ ಸೇರಬಾರದು. ನನ್ನ ಅನುಭವದಲ್ಲಿ ಇವೆರಡೂ ಒಂದೇ ವಿಷಯ. ಹದಿನಾರು ವರ್ಷದಿಂದ ಬೈಕ್ ಸವಾರಿ ಕಲಿಸುತ್ತಿದ್ದೇನೆ. ಕಾಲಿಗೆ ಪೆಟ್ಟು ಮಾಡಿಕೊಂಡು ಬಂದ ಎಷ್ಟೋ ಜನರ ಮನೆಯಲ್ಲಿ ಒಳ್ಳೆಯ ಬೂಟು ಇತ್ತು. ಆ ದಿನ ಹಾಕಿರಲಿಲ್ಲ ಅಷ್ಟೇ. 'ಇಲ್ಲೇ ಹತ್ತಿರ ಹೋಗಬೇಕಿತ್ತು', 'ಹಾಕೋಕೆ ಐದು ನಿಮಿಷ ಬೇಕು', 'ಬೆರಳು ನೋಯುತ್ತೆ' ಎಂದರು. ಅದಕ್ಕೇ ನಾನು ಆರಾಮವನ್ನು ಶೋಕಿ ಎಂದು ಎಣಿಸುವುದಿಲ್ಲ. ಬೂಟಿನ ರಕ್ಷಣೆಯಲ್ಲಿ ಅದೂ ಒಂದು ಭಾಗ.

ನಿಮಗೆ ಆದದ್ದೇನು ಎಂದು ನೋಡೋಣ. ರಸ್ತೆ ಅಪಘಾತ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಟಾರಿನ ಮೇಲೆ ಉಜ್ಜಿಕೊಂಡು ಹೋಗುವ ಚಿತ್ರ. ಚರ್ಮ ಕಿತ್ತು ಬರುವುದು ನಿಜ. ಆದರೆ ನಿಧಾನ ವೇಗದಲ್ಲಿ ಬಿದ್ದಾಗ ಪಾದಕ್ಕೆ ಬೇರೆಯೇ ಕಷ್ಟ ಬರುತ್ತದೆ. ಬೈಕ್ ಒಂದು ಪಕ್ಕಕ್ಕೆ ವಾಲುತ್ತದೆ. ನಾವು ಯೋಚಿಸುವ ಮೊದಲೇ ಕಾಲು ಕೆಳಗೆ ಚಾಚುತ್ತದೆ. ಅಂಗಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ನಡುವೆ ಸಿಕ್ಕ ಕೀಲು ತಿರುಚುತ್ತದೆ. ಅದರ ಬೆನ್ನಿಗೇ ಬೈಕಿನ ಭಾರ ಮೇಲೆ ಬರುತ್ತದೆ. ಸಾಧಾರಣ ಬೈಕ್ ಕೂಡ ನೂರೈವತ್ತು ಕಿಲೋ ಆಸುಪಾಸು ಇರುತ್ತದೆ. ನೆಲಕ್ಕೂ ಬೈಕಿಗೂ ನಡುವೆ ಸಿಕ್ಕ ಪಾದವನ್ನು ಅದು ಪಕ್ಕದಿಂದ ಅಮುಕುತ್ತದೆ. ಹೊರಚಾಚಿದ ಫುಟ್‌ರೆಸ್ಟ್ ಅಥವಾ ಗೇರ್ ಲಿವರ್ ಕೀಲಿನ ಪಕ್ಕದ ಉಬ್ಬು ಮೂಳೆಗೆ ನೇರವಾಗಿ ತಾಗುತ್ತದೆ. ಸೈಲೆನ್ಸರ್ ಇರುವ ಕಡೆಗೆ ಬಿದ್ದರೆ ಸುಡುವುದೂ ಸೇರಿಕೊಳ್ಳುತ್ತದೆ. ಕ್ಯಾನ್ವಾಸ್ ಶೂ ಇದರಲ್ಲಿ ಯಾವುದನ್ನೂ ತಡೆಯುವುದಿಲ್ಲ. ಕೆಲವೊಮ್ಮೆ ಮೊದಲ ಪೆಟ್ಟಿಗೇ ಕಾಲಿನಿಂದ ಕಳಚಿ ಹಾರಿಹೋಗುತ್ತದೆ.

ಅಂದರೆ ಬೂಟು ಮೊದಲು ಕಾಲಿನಲ್ಲೇ ಉಳಿಯಬೇಕು. ಕೀಲು ತಿರುಚದಂತೆ ಹಿಡಿಯಬೇಕು. ಪಕ್ಕದಿಂದ ಅಮುಕಿದರೆ ಮಡಚಬಾರದು. ಉಜ್ಜಿದರೆ ತೂತು ಬೀಳಬಾರದು. ಬೆರಳಿನ ಭಾಗ ಇದರ ನಂತರದ ಮಾತು. ಕೊಳ್ಳಲು ಹೋದವರು ಮಾತ್ರ ಮೊದಲು ಬೆರಳ ತುದಿಯನ್ನೇ ಕುಟ್ಟಿ ನೋಡುತ್ತಾರೆ.

ಅಂಗಡಿಯಲ್ಲಿ ಬೂಟನ್ನು ಕಾಲಿಗೆ ಹಾಕುವ ಮೊದಲು ಕೈಯಲ್ಲಿ ಹಿಡಿಯಿರಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ಮುಂಭಾಗ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಬಟ್ಟೆಯಂತೆಯೇ ತಿರುಚಿಕೊಂಡರೆ ಆ ಬೂಟು ಬೇಡ. ಸೋಲ್‌ನೊಳಗೆ ಶ್ಯಾಂಕ್ ಎನ್ನುವ ಗಟ್ಟಿ ಪಟ್ಟಿ ಇದ್ದರೆ ನಿಮ್ಮ ಕೈಗೆ ಬಲವಾದ ಎದುರೊತ್ತು ಸಿಗುತ್ತದೆ. ಆಮೇಲೆ ಸೋಲ್‌ನ ಅತಿ ಅಗಲದ ಜಾಗವನ್ನು ಎರಡೂ ಪಕ್ಕದಿಂದ ಒತ್ತಿ. ಎರಡು ಅಂಚು ಹತ್ತಿರ ಬಂದು ಸೋಲ್ ಮಡಚಬಾರದು. ಬೈಕ್ ಮೇಲೆ ಬಿದ್ದಾಗ ಪಾದಕ್ಕೆ ಆಗುವುದು ಇದೇ. ಮೂರನೆಯದು ಹಿಮ್ಮಡಿಯ ಹಿಂಭಾಗ. ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೂ ಒಳಗೆ ತಗ್ಗಬಾರದು. ಕೊನೆಗೆ ಕೀಲಿನ ಎರಡೂ ಬದಿ ಮುಟ್ಟಿ ನೋಡಿ. ಬಟ್ಟಲಿನ ಆಕಾರದ ಗಟ್ಟಿ ತುಂಡು ಕೈಗೆ ಸಿಗಬೇಕು. ಬರೀ ಮೆತ್ತನೆಯ ಸ್ಪಂಜು ಸಾಲದು. ಹೊರಬದಿಯಲ್ಲಿ ಮಾತ್ರ ಇಟ್ಟು ಒಳಬದಿ ಬಿಟ್ಟ ಬೂಟುಗಳೂ ಇವೆ. ಒಳಬದಿಯಲ್ಲೂ ಇರಲಿ, ಬೈಕಿನ ಇಂಜಿನ್ ಇರುವುದು ಆ ಕಡೆಗೇ ಅಲ್ವಾ?

ಇಷ್ಟರಲ್ಲೇ ಅಂಗಡಿಯ ಅರ್ಧಕ್ಕರ್ಧ ಬೂಟುಗಳು ಪಕ್ಕಕ್ಕೆ ಹೋಗುತ್ತವೆ. ಉಳಿದವುಗಳಲ್ಲಿ ನಾಲಿಗೆಯ ಮೇಲೆ ಅಥವಾ ಒಳಗೆ ಇರುವ ಲೇಬಲ್ ಓದಿ. ಬೈಕ್ ಬೂಟಿಗೆಂದೇ ಇರುವ ಯುರೋಪಿನ ಮಾನದಂಡದ ಸಂಖ್ಯೆ ಇಎನ್ 13634. ಜೊತೆಗೆ ಬೈಕ್ ಸವಾರನ ಪುಟ್ಟ ಚಿತ್ರ ಇರುತ್ತದೆ. ಯುರೋಪಿನ ನಿಯಮಕ್ಕೆ ಹೊಂದುತ್ತದೆ ಎನ್ನುವ ಸಿಇ ಎಂಬ ಎರಡು ಅಕ್ಷರ ಮಾತ್ರ ನೋಡಿ ಸಮಾಧಾನಪಡಬೇಡಿ. ಕಾರ್ಖಾನೆಯ ಶೂ ಮೇಲೂ ಅದೇ ಅಕ್ಷರ ಇರುತ್ತದೆ, ಪರೀಕ್ಷೆ ಮಾತ್ರ ಬೇರೆ. ಸವಾರನ ಚಿತ್ರದ ಬಳಿ ನಾಲ್ಕು ಅಂಕಿ ಇರುತ್ತವೆ, ಒಂದೊಂದೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ: 1 ಎಂದರೆ ಗಿಡ್ಡ, 2 ಎಂದರೆ ಎತ್ತರದ್ದು. ಎರಡನೆಯದು ಉಜ್ಜುವಿಕೆ. 2017ರ ಆವೃತ್ತಿಯ ಪ್ರಕಾರ, ಜಾಸ್ತಿ ಪೆಟ್ಟು ಬೀಳುವ ಭಾಗ ಓಡುವ ಉಪ್ಪುಕಾಗದದ ಪಟ್ಟಿಯ ಮೇಲೆ 5 ಸೆಕೆಂಡು ತಡೆದರೆ 1, 12 ಸೆಕೆಂಡು ತಡೆದರೆ 2. ಮೂರನೆಯದು ಹರಿತವಾದ ವಸ್ತು ತಾಗಿದರೆ ಎಷ್ಟು ಕೊಯ್ಯುತ್ತದೆ ಎಂಬುದು. ನಾಲ್ಕನೆಯದು ಪಕ್ಕದಿಂದ ಅಮುಕಿದರೆ ಎಷ್ಟು ತಡೆಯುತ್ತದೆ ಎಂಬುದು. ನಿಮ್ಮ ಮಟ್ಟಿಗೆ ಈ ನಾಲ್ಕನೆಯ ಅಂಕಿಯೇ ಮುಖ್ಯ. ಅಲ್ಲಿ 2 ಇರುವುದನ್ನೇ ಹುಡುಕಿ.

ಅಂಕಿಗಳ ಜೊತೆ ಕೆಲವು ಅಕ್ಷರಗಳೂ ಇರಬಹುದು. ಐಪಿಎ ಎಂದಿದ್ದರೆ ಕೀಲಿನ ಪೆಟ್ಟಿನ ಪರೀಕ್ಷೆ ಆಗಿದೆ ಎಂದರ್ಥ. ಐಪಿಎಸ್ ಎಂದರೆ ಮುಂಗಾಲ, ಅಂದರೆ ಮೊಣಕಾಲಿನ ಕೆಳಗಿನ ಮುಂಭಾಗದ, ಮೂಳೆಯದು. ಡಬ್ಲ್ಯುಆರ್ ಎಂದರೆ ನೀರು ತಡೆಯುತ್ತದೆ, ಎಫ್‌ಒ ಎಂದರೆ ಸೋಲ್ ಪೆಟ್ರೋಲು, ಎಣ್ಣೆಗೆ ಹಾಳಾಗುವುದಿಲ್ಲ. ಇವೆಲ್ಲ ಕಡ್ಡಾಯವಲ್ಲ, ತಯಾರಕರು ಬೇಕೆಂದರೆ ಮಾಡಿಸುವ ಪರೀಕ್ಷೆಗಳು. ಆದ್ದರಿಂದ ಇಎನ್ 13634 ಎಂದಿದ್ದರೂ ಕೀಲಿನ ರಕ್ಷಣೆಯ ಪರೀಕ್ಷೆ ಆಗಿರಲೇಬೇಕೆಂದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಐಪಿಎ ಇದೆಯಾ ಎಂದು ಬೇರೆಯಾಗಿಯೇ ನೋಡಬೇಕು.

ಈಗ ಸ್ಟೀಲ್ ಟೋ ವಿಷಯ. ಬೆರಳು ಕತ್ತರಿಸುತ್ತದೆ ಎನ್ನುವ ಮಾತು ನಾನು ಕಲಿಯುವ ಕಾಲದಲ್ಲೂ ಇತ್ತು. ಐಎಸ್‌ಒ 20345 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಮಾಡಿದ ಸುರಕ್ಷತಾ ಶೂವಿನ ಟೋಪಿ 200 ಜೂಲ್ ಪೆಟ್ಟು ತಡೆಯಬೇಕು. ಇಪ್ಪತ್ತು ಕಿಲೋ ಭಾರವನ್ನು ಒಂದು ಮೀಟರ್ ಮೇಲಿಂದ ಬಿಟ್ಟ ಹಾಗೆ. ನಿಧಾನವಾಗಿ ಅಮುಕಿದರೆ ಸುಮಾರು ಒಂದೂವರೆ ಟನ್ ಭಾರವನ್ನೂ ತಡೆಯಬೇಕು. ಆ ಲೋಹವನ್ನೇ ಮಡಚುವಷ್ಟು ಭಾರ ಬಿದ್ದರೆ, ಅದಿಲ್ಲದ ಬೆರಳುಗಳು ಅದಕ್ಕೆ ಎಷ್ಟೋ ಮೊದಲೇ ಜಜ್ಜಿಹೋಗಿರುತ್ತವೆ. ಹಾಗಾಗಿ ಆ ಹೆದರಿಕೆ ಬಿಡಿ.

ಹಾಗೆಂದು ಗೆಳತಿಯ ಸಲಹೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಆ ಶೂವಿನ ಶಕ್ತಿಯೆಲ್ಲ ಬೆರಳ ಮುಂದೆ ನಿಂತುಬಿಡುತ್ತದೆ. ಮೇಲಿಂದ ಏನಾದರೂ ಬಿದ್ದರೆ ಪಾದ ಉಳಿಯಲಿ ಎಂದು ಮಾಡಿದ್ದು ಅದು. ಕೀಲಿನ ಪಕ್ಕದಲ್ಲಿ ಗಟ್ಟಿ ತುಂಡು ಇರುವುದು ಅಪರೂಪ. ಟೋಪಿಯ ದಪ್ಪದಿಂದ ಶೂವಿನ ತುದಿ ಗೇರ್ ಲಿವರ್ ಕೆಳಗೆ ಸರಿಯಾಗಿ ನುಸುಳುವುದಿಲ್ಲ. ಲಿವರ್ ತಾಗಿತೋ ಇಲ್ಲವೋ ಬೆರಳಿಗೆ ತಿಳಿಯುವುದೂ ಇಲ್ಲ. ಆದರೂ ಕ್ಯಾನ್ವಾಸ್ ಶೂಗಿಂತ ಅದು ಮೇಲು. ಅಪಘಾತಕ್ಕೊಳಗಾದ 212 ಸವಾರರನ್ನು ಗಮನಿಸಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಬೈಕಿಗೆಂದು ಮಾಡಿರದ ಸಾಮಾನ್ಯ ಬೂಟು ಹಾಕಿದ್ದವರಿಗೂ ಪಾದ, ಕೀಲಿನ ಗಾಯದ ಸಂಭವ, ಮಾಮೂಲಿ ಶೂ ಹಾಕಿದ್ದವರಿಗಿಂತ ಅರ್ಧದಷ್ಟೇ ಇತ್ತು. ರಕ್ಷಣೆಯ ತುಂಡುಗಳಿರುವ ಬೈಕ್ ಬೂಟು ಹಾಕಿದ್ದವರಿಗೂ ಆ ಸಂಭವ ಹೆಚ್ಚುಕಮ್ಮಿ ಅಷ್ಟೇ ಕಡಿಮೆ ಇತ್ತು. ಹೊಸ ಬೂಟು ಬರುವವರೆಗೆ ಮನೆಯಲ್ಲಿ ಕೀಲು ಮುಚ್ಚುವ ಗಟ್ಟಿ ಚರ್ಮದ ಬೂಟು ಇದ್ದರೆ ಇವತ್ತಿನಿಂದಲೇ ಅದನ್ನು ಹಾಕಿ.

ರೇಸಿಂಗ್ ಬೂಟಿನ ಬಗ್ಗೆ ಗೌರವ ಇದೆ. ಕೀಲು ತಿರುಚದಂತೆ ಹಿಡಿಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಆದರೆ ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿ, ದಿನವಿಡೀ ಓಡಾಡಿ ಕೆಲಸ ಮಾಡಲು ನಿಮ್ಮಿಂದ ಆಗುವುದಿಲ್ಲ. ಎರಡನೆಯ ವಾರ ಅದು ಮನೆಯಲ್ಲಿ ಉಳಿಯುತ್ತದೆ, ಕ್ಯಾನ್ವಾಸ್ ಶೂ ಮತ್ತೆ ಹೊರಗೆ ಬರುತ್ತದೆ.

ನಿಮ್ಮ ಮುಂದೆ ನಿಜವಾಗಿ ಇರುವ ದಾರಿ ಮೂರು. ಒಂದು, ಮೀನಖಂಡದವರೆಗೆ ಬರುವ ಟೂರಿಂಗ್ ಬೂಟು. ಕೀಲು, ಮುಂಗಾಲು ಎರಡೂ ಕಾಯುತ್ತದೆ, ಹೆದ್ದಾರಿ ಸವಾರಿಗೆ ನನ್ನ ಮೊದಲ ಆಯ್ಕೆ. ಬಿಸಿಲಿಗೆ ಬೇಯುತ್ತದೆ, ನಡೆಯಲು ಭಾರ. ಕೆಲಸದ ಜಾಗದಲ್ಲಿ ಇನ್ನೊಂದು ಶೂ ಇಟ್ಟು ಬದಲಾಯಿಸಿಕೊಳ್ಳಬೇಕಾಗುತ್ತದೆ. ಎರಡು, ಕೀಲಿನಿಂದ ನಾಲ್ಕೈದು ಬೆರಳು ಮೇಲಕ್ಕೆ ಬರುವ ಗಿಡ್ಡ ಬೂಟು. ಕೀಲಿನ ತುಂಡು, ಗಟ್ಟಿ ಸೋಲ್ ಎರಡೂ ಇರುತ್ತವೆ, ನಡೆಯಬಹುದು, ಪ್ಯಾಂಟಿನ ಕೆಳಗೆ ಅಡಗುತ್ತದೆ. ಮುಂಗಾಲು ಮಾತ್ರ ಬಯಲಾಗಿಯೇ ಉಳಿಯುತ್ತದೆ. ಮೂರು, ನೋಡಲು ಸ್ನೀಕರ್ ಹಾಗೆಯೇ ಇರುವ ರೈಡಿಂಗ್ ಶೂ. ಇವೆಲ್ಲ ವೇಷ ಮಾತ್ರ ಎನ್ನುವವರಿದ್ದಾರೆ. ಆ ಮಾತು ಸರಿಯಲ್ಲ, ಒಳ್ಳೆಯವು ಇವೆ. ಆದರೆ ಈ ಗುಂಪಿನಲ್ಲೇ ಜೊಳ್ಳೂ ಜಾಸ್ತಿ. ಸೋಲ್ ಹಿಂಡಿದರೆ ಮಡಚಿಕೊಳ್ಳುವವು ಬಹಳ. ಕೈಯ ಪರೀಕ್ಷೆ ಇಲ್ಲಿ ಬಿಡಲೇಬೇಡಿ.

ನಿಮಗೆ ನಾನು ಹೇಳುವುದು ಎರಡನೆಯದನ್ನು. ದಿನಕ್ಕೆ 35 ಕಿಲೋಮೀಟರ್, ಜಾಸ್ತಿ ನಡೆದಾಟ, ಒಮ್ಮೆ ಪೆಟ್ಟು ತಿಂದ ಕೀಲು. ಈ ಮೂರನ್ನೂ ಒಂದೇ ಜೊತೆಯಲ್ಲಿ ತೂಗಿಸುವುದು ಅದೇ. ಹೆದ್ದಾರಿ ಸವಾರಿ ತಿಂಗಳಿಗೊಮ್ಮೆಯಿಂದ ವಾರಕ್ಕೊಮ್ಮೆಗೆ ಬಂದರೆ ಆಗ ಎತ್ತರದ ಬೂಟು ಬೇರೆಯಾಗಿ ತಗೊಳ್ಳಿ.

'ಸಡಿಲ ಆಗುತ್ತೆ' ಎನ್ನುವ ಮಾತಿಗೆ ಬರುತ್ತೇನೆ. ಇದರಲ್ಲಿ ಅರ್ಧ ಸತ್ಯ ಇದೆ. ಕೀಲಿನ ಬಳಿ ಮಡಚುವ ಚರ್ಮ ಹದಕ್ಕೆ ಬರುತ್ತದೆ. ಮೊದಲ ವಾರದ ಬಿಗಿ, ನಡೆಯುವಾಗಿನ ಪೆಡಸು ಕಡಿಮೆಯಾಗುತ್ತದೆ. ಆದರೆ ಸೋಲ್‌ನ ಅಗಲ, ಬೆರಳ ಭಾಗದ ಗಟ್ಟಿ ಚಿಪ್ಪು ಎಂದೂ ಬದಲಾಗುವುದಿಲ್ಲ. ಸಿಂಥೆಟಿಕ್ ಮೈಕ್ರೋಫೈಬರ್ ಆದರಂತೂ ಮೇಲ್ಭಾಗವೂ ಅಷ್ಟಾಗಿ ಹಿಗ್ಗುವುದಿಲ್ಲ. ಹತ್ತು ನಿಮಿಷಕ್ಕೆ ನೋಯಿಸಿದ ಕಿರುಬೆರಳು ಹತ್ತು ತಿಂಗಳಿಗೂ ನೋಯುತ್ತದೆ. ಅಗಲ ಪಾದದವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದು ಸೈಜ್ ದೊಡ್ಡದು ತಗೊಳ್ಳುವುದು. ಅಗಲ ಸಿಗುತ್ತದೆ, ಜೊತೆಗೆ ಉದ್ದವೂ ಬರುತ್ತದೆ. ಆಗ ಹಿಮ್ಮಡಿ ಒಳಗೆ ಆಡುತ್ತದೆ, ಕೀಲಿನ ರಕ್ಷಣೆಯ ತುಂಡು ಕೀಲಿನ ನೇರಕ್ಕೆ ಇರದೆ ಮುಂದೆ ಜರುಗುತ್ತದೆ. ಅದರ ಬದಲು ಅಗಲ ಅಚ್ಚಿನಲ್ಲಿ ಮಾಡುವ ಬೇರೆ ತಯಾರಕರನ್ನು ಹುಡುಕಿ. ಒಂದೇ ನಂಬರಿನ ಬೂಟು ಒಬ್ಬರಲ್ಲಿ ಕಿರಿದು, ಇನ್ನೊಬ್ಬರಲ್ಲಿ ಅಗಲ. ಹೆಂಗಸರ ಅಳತೆಯ ಬೂಟು ಕಿರಿದೆನಿಸಿದರೆ ಗಂಡಸರ ಚಿಕ್ಕ ಸೈಜ್ ಹಾಕಿ ನೋಡಲು ಹಿಂಜರಿಯಬೇಡಿ. ಅದರ ಅಚ್ಚು ಸಾಮಾನ್ಯವಾಗಿ ಅಗಲ.

ಕೀಲಿನ ಊತ ಪೂರ್ತಿ ವಾಸಿಯಾದ ಮೇಲೆ, ಅಳತೆ ನೋಡಲು ಸಂಜೆ ಹೋಗಿ, ಆ ಹೊತ್ತಿಗೆ ಎಲ್ಲರ ಪಾದವೂ ತುಸು ದೊಡ್ಡದಾಗಿರುತ್ತದೆ. ಸವಾರಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ನಿಂತಾಗ ಉದ್ದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ನಡೆಯುವಾಗ ಹಿಮ್ಮಡಿ ಏಳಬಾರದು. ಅಷ್ಟಕ್ಕೇ ಬಿಡಬೇಡಿ. ಬೈಕ್ ಮೇಲೆ ಕೂತು ನೋಡಿ. ನಿಂತಾಗ ಸರಿ ಇದ್ದ ಬೂಟು ಮೊಣಕಾಲು ಮಡಚಿದಾಗ ಕೀಲಿನ ಮುಂದೆ ಮಡಿಕೆ ಬಿದ್ದು ಒತ್ತಬಹುದು. ಗೇರ್ ಲಿವರ್ ಕೆಳಗೆ ಪಾದ ತೂರಿಸಿ ಇಪ್ಪತ್ತು ಸಲ ಮೇಲೆತ್ತಿ. ಬೂಟು ಹಾಕಿಕೊಂಡು ಕನಿಷ್ಠ ಕಾಲು ಗಂಟೆ ಕಳೆಯಿರಿ. ಕೊನೆಗೆ ಒಂದು ಪರೀಕ್ಷೆ: ಲೇಸ್, ಜಿಪ್ ಎಲ್ಲ ಬಿಗಿದ ಮೇಲೆ ಇನ್ನೊಬ್ಬರಿಗೆ ಹಿಮ್ಮಡಿ ಹಿಡಿದು ಜೋರಾಗಿ ಎಳೆಯಲು ಹೇಳಿ. ಕಳಚಿ ಬಂದರೆ, ಬಿದ್ದಾಗಲೂ ಕಳಚಿ ಬರುತ್ತದೆ.

ಲೇಸ್ ಬಗ್ಗೆ ಒಂದು ಘಟನೆ ಹೇಳಬೇಕು. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ, ಚೆನ್ನಾಗಿ ಓಡಿಸುತ್ತಿದ್ದ. ನಿಲ್ಲಿಸುವ ಗೆರೆಗೆ ಬಂದು ನಿಂತ, ಎಡಗಾಲು ಕೆಳಗೆ ಬರಲೇ ಇಲ್ಲ. ಸಡಿಲವಾಗಿದ್ದ ಲೇಸಿನ ಕುಣಿಕೆ ಗೇರ್ ಲಿವರ್‌ಗೆ ಸಿಕ್ಕಿಕೊಂಡಿತ್ತು. ನಿಂತ ಬೈಕ್ ನಿಂತಲ್ಲೇ ಎಡಕ್ಕೆ ಉರುಳಿತು. ಮೈದಾನವಾದ್ದರಿಂದ ಮೊಣಕೈ ತರಚಿದ್ದಷ್ಟೇ. ಹಿಂದೆ ಲಾರಿ ಇದ್ದಿದ್ದರೆ? ಅಂದಿನಿಂದ ನಾನು ಪ್ರತಿ ತರಗತಿಯ ಮೊದಲು ಎಲ್ಲರ ಕಾಲು ನೋಡುತ್ತೇನೆ. ಲೇಸ್ ಇರುವ ಬೂಟು ಪಾದಕ್ಕೆ ಚೆನ್ನಾಗಿ ಕೂರುತ್ತದೆ, ಅಗಲ ಪಾದಕ್ಕೆ ಅನುಕೂಲವೂ ಹೌದು. ಗಂಟನ್ನು ಮುಚ್ಚುವ ಪಟ್ಟಿ ಇರುವಂಥದನ್ನು ಆರಿಸಿ. ಪಕ್ಕದಲ್ಲಿ ಜಿಪ್ ಇದ್ದರೆ ದಿನವೂ ಲೇಸ್ ಬಿಚ್ಚುವ ಕೆಲಸ ಇಲ್ಲ. ಜಿಪ್‌ನ ತುದಿಯನ್ನೂ ವೆಲ್ಕ್ರೋ ಹಿಡಿದಿರಬೇಕು.

ಬಿಸಿಲು, ಮಳೆ ಎರಡಕ್ಕೂ ಪೂರ್ತಿ ಒಗ್ಗುವ ಬೂಟು ಇಲ್ಲ. ನೀರು ತಡೆಯುವ ಪೊರೆ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ, ಆದರೆ ಗಾಳಿ ಆಡುವ ಬೂಟಿನಷ್ಟಲ್ಲ. ಸಣ್ಣ ತೂತುಗಳಿರುವ ಬೂಟು ಬೇಸಿಗೆಗೆ ಹಿತ, ಮಳೆಗೆ ಹತ್ತು ನಿಮಿಷದಲ್ಲಿ ತೊಪ್ಪೆ. ನಿಮ್ಮಲ್ಲಿ ಮಳೆಯ ತಿಂಗಳು ಎಷ್ಟು, ಬಿಸಿಲಿನ ತಿಂಗಳು ಎಷ್ಟು ಲೆಕ್ಕ ಹಾಕಿ ನಿರ್ಧರಿಸಿ. ಬಿಸಿಲೇ ಜಾಸ್ತಿಯಾದರೆ ಗಾಳಿಯಾಡುವುದನ್ನು ಕೊಂಡು, ಮಳೆಗೆ ಮೇಲುಹೊದಿಕೆ ಇಟ್ಟುಕೊಳ್ಳಿ. ಮೇಲುಹೊದಿಕೆಯ ಅಡಿ ಜಾರುತ್ತದಾ ಎಂದು ಒದ್ದೆ ನೆಲದ ಮೇಲೆ ಮೊದಲೇ ನೋಡಿಕೊಳ್ಳಿ, ಸಿಗ್ನಲ್‌ನಲ್ಲಿ ಕಾಲು ಜಾರಿದರೆ ಕಷ್ಟ. ಮಳೆ ಪ್ಯಾಂಟನ್ನು ಬೂಟಿನೊಳಗೆ ತುರುಕಬೇಡಿ. ಹೊರಗೆ ಇಳಿಬಿಡಿ. ಒಳಗೆ ತುರುಕಿದರೆ ಪ್ಯಾಂಟಿನ ನೀರೆಲ್ಲ ನೇರ ಬೂಟಿಗೆ ಇಳಿಯುತ್ತದೆ, ಎಂಥ ಪೊರೆಯಿದ್ದರೂ ಉಪಯೋಗವಿಲ್ಲ. ನೆನೆದ ಬೂಟನ್ನು ಒಲೆ, ಹೀಟರ್ ಮುಂದೆ ಒಣಗಿಸಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಹಳೆ ಪೇಪರ್ ತುಂಬಿಸಿ ನೆರಳಲ್ಲಿ ಇಡಿ.

ಎತ್ತರದ ವಿಷಯದಲ್ಲಿ ಬೂಟು ಸ್ವಲ್ಪ ಸಹಾಯ ಮಾಡುತ್ತದೆ. ನಿಮ್ಮ ಕ್ಯಾನ್ವಾಸ್ ಶೂಗಿಂತ ಬೈಕ್ ಬೂಟಿನ ಸೋಲ್ ಒಂದೆರಡು ಸೆಂಟಿಮೀಟರ್ ದಪ್ಪ ಇರಬಹುದು. ತುದಿಗಾಲಿನಿಂದ ಅರ್ಧ ಪಾದದವರೆಗೆ ಬರಲು ಅಷ್ಟು ಸಾಕಾಗಬಹುದು. ಅದಕ್ಕಾಗಿ ಎತ್ತರದ ಹಿಮ್ಮಡಿಯ ಫ್ಯಾಷನ್ ಬೂಟಿಗೆ ಹೋಗಬೇಡಿ. ತುದಿಗಾಲಲ್ಲಿ ನಿಲ್ಲುವವರಿಗೆ ಹಿಮ್ಮಡಿ ಹೇಗೂ ನೆಲಕ್ಕೆ ತಾಗುವುದಿಲ್ಲ, ಎತ್ತರ ಬೇಕಾಗಿರುವುದು ಪಾದದ ಮುಂಭಾಗದ ಕೆಳಗೆ. ಎರಡೂ ಕಾಲು ಒಟ್ಟಿಗೆ ಚಾಚುವ ಬದಲು ಸೀಟಿನ ಅಂಚಿಗೆ ಜರುಗಿ ಒಂದೇ ಕಾಲನ್ನು ಪೂರ್ತಿ ಊರಿ ನಿಲ್ಲುವುದನ್ನೂ ಅಭ್ಯಾಸ ಮಾಡಿ. ಪೂರ್ತಿ ಊರಿದ ಪಾದದ ಕೀಲು ಅಷ್ಟು ಸುಲಭವಾಗಿ ಉಳುಕುವುದಿಲ್ಲ.

ಹಳೆಯ ಸ್ಟಾಕು, ಬಳಸಿದ ಬೂಟು ಕೊಳ್ಳುವ ಯೋಚನೆ ಇದ್ದರೆ ಸೋಲ್ ನೋಡಿ. ಪಾಲಿಯುರೆಥೇನ್ ಸೋಲ್ ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಒಳಗೊಳಗೇ ಶಿಥಿಲವಾಗುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ, ನಡೆದರೆ ಪುಡಿಪುಡಿ. ಒಮ್ಮೆ ಜೋರಾಗಿ ಬಿದ್ದ ಬೂಟಿನ ಹೊಲಿಗೆ, ಕೀಲಿನ ಚಿಪ್ಪು, ಸೋಲ್‌ನ ಬಿಗಿ ಮೂರನ್ನೂ ಮತ್ತೆ ಕೈಯಲ್ಲಿ ಹಿಂಡಿ ನೋಡಬೇಕು. ಮೊದಲಿನ ಎದುರೊತ್ತು ಇಲ್ಲದಿದ್ದರೆ ಅದನ್ನು ಸವಾರಿಗೆ ಬಳಸಬೇಡಿ.

ಹೊಸ ಬೂಟು ಮನೆಗೆ ಬಂದ ಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ ಗೇರ್ ಲಿವರನ್ನು ತುಸು ಮೇಲಕ್ಕೆ ಕೂರಿಸಿಕೊಳ್ಳಿ. ಐದು ನಿಮಿಷದ ಕೆಲಸ. ಬ್ರೇಕ್ ಪೆಡಲಿನ ಎತ್ತರವನ್ನೂ ನೋಡಿಸಿ, ದಪ್ಪ ಸೋಲ್ ಗೊತ್ತಾಗದಂತೆ ಪೆಡಲಿನ ಮೇಲೆ ಕೂತಿದ್ದರೆ ಹಿಂದಿನ ಬ್ರೇಕ್ ಸುಮ್ಮನೆ ಸವೆಯುತ್ತದೆ. ಗಟ್ಟಿ ಬೂಟಿನೊಳಗಿನ ಪಾದಕ್ಕೆ ಮೊದಲ ಕೆಲವು ದಿನ ಲಿವರು, ಪೆಡಲು ಎರಡೂ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಮೊದಲ ದಿನವೇ ಕೆಲಸಕ್ಕೆ ಹಾಕಿಕೊಂಡು ಹೋಗಬೇಡಿ. ಒಂದು ರಜಾ ದಿನ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಗೇರ್ ಏರಿಸಿ ಇಳಿಸಿ, ಬ್ರೇಕ್ ಹಿಡಿದು, ಎಡಗಾಲು ಊರಿ ನಿಲ್ಲಿಸಿ ಹೊರಡಿ. ಆ ಹೊತ್ತಿಗೆ ಕೀಲು ನೋಯತೊಡಗಿದರೆ ತಪ್ಪು ಬೂಟಿನದೇ ಎಂದುಕೊಳ್ಳಬೇಡಿ, ವೈದ್ಯರಿಗೆ ಅದನ್ನೂ ತಿಳಿಸಿ.